ದನ ಮುಟ್ಟದ ಗಿಡ

ಏಪ್ರಿಲ್ ಕೊನೆಯ ವಾರ ನಮ್ಮ ಹಗಿನೊಹರು ಊರಿನ ತಿರುವಿನಲ್ಲಿ ಪಟ್ಟಣದ ಕಚೇರಿಯವರು ಒಂದು ದೊಡ್ಡ ಬೋರ್ಡು ನೆಟ್ಟರು. ‘ನೀಲಿ ಚಿಟ್ಟೆಗಳ ಊರಿಗೆ ಸ್ವಾಗತ’ ಎಂದು ಬರೆದಿತ್ತು. ಕೆಳಗೆ ಮೊರದಷ್ಟು ಅಗಲದ ಚಿಟ್ಟೆಯ ಚಿತ್ರ. ನಮ್ಮ ಅತ್ತಿಗೆ ಮಿಸಾವೊ ತನ್ನ ಸಣ್ಣ ಟ್ರಕ್ಕನ್ನು ರಸ್ತೆ ಬದಿಗೆ ನಿಲ್ಲಿಸಿ, ಇಳಿದು, ಅದರ ಮುಂದೆ ಬಹಳ ಹೊತ್ತು ನಿಂತಳು. ಪಕ್ಕದ ಸೀಟಿನಲ್ಲಿದ್ದ ನಾನೂ ಇಳಿದೆ.

“ಫುಜಿಎ, ಇದ್ಯಾವ ಚಿಟ್ಟೆ?”

“ನೀಲಿ ಅಲ್ವಾ ಅತ್ತಿಗೆ?”

“ನೀಲಿ ಏನೋ ನೀಲೀನೆ. ಬಾಲ ನೋಡು. ನಮ್ದಕ್ಕೆ ಬಾಲ ಇದ್ಯಾ? ಯಾವ್ದೋ ದೂರದ ಕಾಡಿಂದು ಇದು. ಮದುವೆ ಮನೆ ಬಾಗಿಲಲ್ಲಿ ಬೇರೆ ಹುಡುಗಿ ಫೋಟೊ ಹಾಕ್ದಂಗಾಯ್ತು.”

ನನಗೆ ನಗು ಬಂತು. ಅವಳು ನಗಲಿಲ್ಲ.

ಮಿಸಾವೊ ನನ್ನ ದೊಡ್ಡಣ್ಣನ ಹೆಂಡತಿ. ಎಪ್ಪತ್ಮೂರು ವಯಸ್ಸು. ಅಣ್ಣ ತೀರಿಕೊಂಡು ನಾಲ್ಕು ವರ್ಷವಾಯಿತು. ಎಂಟು ಕೆಂಪು ಹಸುಗಳನ್ನು ಈಗ ಒಬ್ಬಳೇ ನೋಡಿಕೊಳ್ಳುತ್ತಾಳೆ. ನಾನು ಅವಳಿಗಿಂತ ಎಂಟು ವರ್ಷ ಚಿಕ್ಕವಳು. ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಆ ಕೆಲಸ ಕೊಟ್ಟಿರುವುದು ಇದೇ ಪಟ್ಟಣದ ಕಚೇರಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಸಭೆಯಲ್ಲಿ ನಾನು ಬಾಯಿ ಮುಚ್ಚಿಕೊಂಡು ಕೂತದ್ದಕ್ಕೆ ಅದೇ ಕಾರಣ.

ಅಸೊ ಬೆಟ್ಟದ ಈ ಮಗ್ಗುಲಲ್ಲಿ ಊರಿಗೊಂದು ಹುಲ್ಲುಗಾವಲಿದೆ. ನಮ್ಮದು ಹದಿನೇಳು ಮನೆಗಳಿಗೆ ಸೇರಿದ್ದು. ಅದರಲ್ಲಿ ರಸ್ತೆಗೆ ಮುಖ ಮಾಡಿದ ಇಳಿಜಾರಿನ ತುಂಬ ಕುರಾರ ಎಂಬ ಗಿಡ. ಎದೆಯೆತ್ತರ ಬೆಳೆಯುತ್ತದೆ, ತಿಳಿ ಹಳದಿ ಹೂಗೊಂಚಲು ಬಿಡುತ್ತದೆ. ನೋಡಲು ಅಂಥ ಚೆಂದವೇನಲ್ಲ. ಅದರ ಬೇರನ್ನು ನಾಲಿಗೆಗೆ ತಾಗಿಸಿದರೆ ತಲೆ ಗಿರ್ರೆನ್ನುವಷ್ಟು ಕಹಿ. ದನ ಸುತ್ತಲಿನ ಹುಲ್ಲನ್ನೆಲ್ಲ ನುಣ್ಣಗೆ ಮೇದು ಇದೊಂದನ್ನು ಹಾಗೇ ಬಿಟ್ಟುಹೋಗುತ್ತವೆ. ಹಿಂದಿನವರು ಬೇರು ಕುದಿಸಿ ಆ ನೀರಿನಿಂದ ದನದ ಮೈ ತೊಳೆದು ಹೇನು ಕೊಲ್ಲುತ್ತಿದ್ದರು.

ನಮ್ಮ ನೀಲಿ ಚಿಟ್ಟೆ ಮೊಟ್ಟೆ ಇಡುವುದು ಈ ಗಿಡದ ಮೊಗ್ಗಿನ ಮೇಲೆ ಮಾತ್ರ. ಹುಳು ಬೇರೆ ಯಾವ ಗಿಡಕ್ಕೂ ಬಾಯಿ ಹಾಕುವುದಿಲ್ಲ. ಉಪವಾಸ ಸಾಯುತ್ತದೆಯೇ ಹೊರತು ಹಾಕುವುದಿಲ್ಲ. ಮಾರ್ಚ್‌ನಲ್ಲಿ ನಾವು ಗುಡ್ಡಕ್ಕೆ ಬೆಂಕಿ ಕೊಡುತ್ತೇವೆ. ಹುಳುಗಳು ಆಗ ಕೋಶವಾಗಿ ಮಣ್ಣಿನೊಳಗೆ ಮಲಗಿರುತ್ತವೆ, ಬೆಂಕಿ ಮೇಲಿನಿಂದ ಹಾದುಹೋಗುತ್ತದೆ. ಬೂದಿಯ ಮೇಲೆ ಹುಲ್ಲು ಚಿಗುರುತ್ತದೆ, ದನ ಬರುತ್ತವೆ, ಮೇ ತಿಂಗಳಲ್ಲಿ ಕುರಾರ ಮೊಗ್ಗು ಬಿಡುವ ಹೊತ್ತಿಗೆ ಸರಿಯಾಗಿ ಚಿಟ್ಟೆ ಏಳುತ್ತವೆ. ಬೆಂಕಿ ನಿಂತ, ದನ ಹೋದ ಊರುಗಳಲ್ಲಿ ಪೊದೆ ಬೆಳೆದು ಕುರಾರ ಸತ್ತಿತು, ಚಿಟ್ಟೆಯೂ ಹೋಯಿತು. ನಮ್ಮಲ್ಲಿ ಉಳಿದದ್ದು ಯಾರೋ ಪುಣ್ಯಾತ್ಮರು ಕಾಪಾಡಿದ್ದರಿಂದಲ್ಲ, ದನ ಸಾಕಿದ್ದರಿಂದ.

ಬೋರ್ಡು ನೆಟ್ಟ ಮರುವಾರ ಊರ ಸಭಾಮನೆಯಲ್ಲಿ ಸಭೆ ಕರೆದರು. ಬಂದವನು ಪ್ರವಾಸೋದ್ಯಮ ವಿಭಾಗದ ಮುಖ್ಯಸ್ಥ ತಾಶಿರೊ. ಹೊರಗಿನವನೇನೂ ಅಲ್ಲ. ಅವನ ಅಪ್ಪ ಇದೇ ಊರಿನವನು, ನಮ್ಮಣ್ಣನ ಜೊತೆ ನಲವತ್ತು ವರ್ಷ ಗುಡ್ಡಕ್ಕೆ ಬೆಂಕಿ ಕೊಟ್ಟವನು. ತಾಶಿರೊ ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿದ. ರಸ್ತೆ ಬದಿಯ ಇಳಿಜಾರಿನಲ್ಲಿ ಸಾಲುಸಾಲಾಗಿ ಚೆಂಡುಹೂ, ಕೆಂಪು ಸಾಲ್ವಿಯ. ನಡುವೆ ಮರದ ಮೆಟ್ಟಿಲು, ಫೋಟೊ ತೆಗೆಸಿಕೊಳ್ಳಲು ಕಟ್ಟೆ. ಜೂನ್ ಎರಡನೇ ಭಾನುವಾರ ಚಿಟ್ಟೆ ಹಬ್ಬ.

ಮಿಸಾವೊ ಕೈ ಎತ್ತಿದಳು. “ತಾಶಿರೊ ಅವರೇ, ಅಲ್ಲಿ ಕುರಾರ ಇದ್ಯಲ್ಲ, ಅದನ್ನೇನ್ ಮಾಡ್ತೀರ?”

“ಆ ಕಳೆ ಎಲ್ಲ ತೆಗೆದು ಸ್ವಚ್ಛ ಮಾಡ್ಸಿಕೊಡ್ತೀವಿ ಅಜ್ಜಿ. ನಿಮಗೆ ಒಂದು ರವೆಯಷ್ಟೂ ತೊಂದರೆ ಆಗಲ್ಲ.”

“ಕಳೆ ತೆಗೆದ್ರೆ ಚಿಟ್ಟೆ ಎಲ್ಲಿ ಮೊಟ್ಟೆ ಇಡ್ತವೆ?”

“ಹೂವು ಈಗಿರೋದಕ್ಕಿಂತ ಹತ್ತರಷ್ಟು ಇರುತ್ತಲ್ಲ. ಜೇನು ಬೇಕಾದಷ್ಟು ಸಿಗುತ್ತೆ. ತಜ್ಞರನ್ನ ಕೇಳಿಯೇ ಮಾಡ್ತಿರೋದು.”

“ಯಾವ ತಜ್ಞ?”

“ನಗರದ ಉದ್ಯಾನ ವಿನ್ಯಾಸದವರು.”

“ದೊಡ್ಡವು ಎಲ್ಲಿ ಬೇಕಾದ್ರೂ ಕುಡೀತವಪ್ಪ. ನೀನೂ ಪಟ್ಟಣಕ್ಕೆ ಹೋದ್ರೆ ಹೋಟೆಲಲ್ಲಿ ತಿಂತೀಯ. ಹುಟ್ಟಿದ ಕೂಸಿಗೆ ಹೋಟೆಲ್ ಊಟ ಹಾಕ್ತೀಯಾ? ಆ ಹುಳಕ್ಕೆ ತಾಯಿ ಹಾಲು ಇದ್ದಂಗೆ ಕುರಾರ ಮೊಗ್ಗು. ಅದಿಲ್ದಿದ್ರೆ ಮಿಕ್ಕಿದ್ದೆಲ್ಲ ಇದ್ದೂ ದಂಡ.”

ಯಾರೋ ಕಿಸಕ್ಕೆಂದರು. ತಾಶಿರೊ ತಲೆ ಬಾಗಿಸಿ, “ಅಮೂಲ್ಯವಾದ ಅಭಿಪ್ರಾಯ. ಪರಿಶೀಲಿಸ್ತೀವಿ,” ಎಂದು ಏನನ್ನೋ ಬರೆದುಕೊಂಡ. ಪರಿಶೀಲಿಸುತ್ತೇವೆ ಎಂದರೆ ಏನರ್ಥ ಎಂದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು.

ಹುಲ್ಲುಗಾವಲು ಸಂಘದ ಅಧ್ಯಕ್ಷ ಇಚಿಹರ ಗೆಂಗೊ ಎದ್ದು ನಿಂತ. ಎಂಬತ್ತರ ಮುದುಕ, ಮೊಣಕಾಲು ನೋವು. “ಆ ಇಳಿಜಾರನ್ನ ಕಚೇರಿಯವರೇ ನೋಡ್ಕೋತಾರಂತೆ. ಬೇಲಿ, ಬೆಂಕಿ ಆಚೆ ಹಬ್ಬದ ಹಾಗೆ ಮುಂಚೆ ಅಂಚಿನ ಹುಲ್ಲು ಕತ್ತರಿಸೋದು, ಎಲ್ಲಾ ಅವರೇ. ನಮ್ಮಲ್ಲಿ ಕುಡುಗೋಲು ಹಿಡಿಯೋ ಕೈ ಎಷ್ಟಿವೆ ಹೇಳಿ? ನಂಗಂತೂ ಒಪ್ಪಿಗೆ.” ಸುತ್ತ ತಲೆಗಳು ಅಲ್ಲಾಡಿದವು. ದಣಿದ ತಲೆಗಳು, ನಾನು ಅವರನ್ನು ಪೂರ್ತಿ ದೂರುವುದಿಲ್ಲ. ಮಿಸಾವೊ ನನ್ನ ಕಡೆ ನೋಡಿದಳು. ನಾನು ಟೀ ಲೋಟದೊಳಗೆ ನೋಡಿದೆ.

ಮನೆಗೆ ಬರುವಾಗ ದಾರಿಯಲ್ಲಿ ಅವಳು ಒಂದೇ ಮಾತು ಕೇಳಿದಳು: “ನಿನ್ನ ಬಾಯಲ್ಲಿ ಏನಿತ್ತೇ, ಅನ್ನದುಂಡೆನಾ?”

ಮೇ ಹತ್ತೊಂಬತ್ತು, ಮಂಗಳವಾರ. ಬೆಳಗ್ಗೆ ಎಂಟು ಗಂಟೆಗೆ ಹುಲ್ಲು ಕತ್ತರಿಸುವ ಮೂರು ಯಂತ್ರ ಬಂದವು. ಆಗಷ್ಟೇ ಕುರಾರ ಮೊಗ್ಗುಗಳ ಸಂದಿಯಲ್ಲಿ ಗಸಗಸೆ ಕಾಳಿನಂಥ ಬಿಳಿ ಮೊಟ್ಟೆಗಳು ತುಂಬಿದ್ದವು. ನಾನು ಆ ದಿನ ರಜೆಯಲ್ಲಿದ್ದೆ. ಸದ್ದು ಕೇಳಿ ಓಡುವಷ್ಟರಲ್ಲಿ ಅತ್ತಿಗೆ ರಬ್ಬರ್ ಬೂಟಿನಲ್ಲೇ ಇಳಿಜಾರಿನ ನಡುವೆ ನಿಂತು ಎರಡೂ ಕೈ ಅಗಲಿಸಿದ್ದಳು.

ಯಂತ್ರ ಓಡಿಸುವವನು ಬಹಳ ಮರ್ಯಾದಸ್ಥ. ಎಂಜಿನ್ ಆರಿಸಿ, ಟೊಪ್ಪಿ ತೆಗೆದು ಬಾಗಿದ. “ಅಮ್ಮಾ, ಅಪಾಯ. ದಯವಿಟ್ಟು ಪಕ್ಕಕ್ಕೆ ಬನ್ನಿ.”

“ಕಚೇರಿಗೆ ಫೋನ್ ಮಾಡು. ಜುಲೈ ಕಳೀಲಿ, ಹುಳ ಎಲ್ಲ ಮಣ್ಣಿಗಿಳೀಲಿ, ಆಮೇಲೆ ಏನಾದ್ರೂ ಮಾತಾಡೋಣ ಅಂತ ಹೇಳು.”

ಅವನು ಫೋನ್ ಮಾಡಿದ. ಹಾಂ, ಹಾಂ ಎಂದ. ಮತ್ತೆ ಬಾಗಿದ. “ಹಬ್ಬಕ್ಕೆ ಮುಂಚೆ ಸಸಿ ಬೇರು ಹಿಡೀಬೇಕಂತೆ. ಮುಂದುವರಿಸಿ ಅಂತಿದಾರೆ.”

ಅತ್ತಿಗೆ ಅಲ್ಲೇ ಕುರಾರ ಗಿಡಗಳ ನಡುವೆ ಕಾಲು ಚಾಚಿ ಕೂತುಬಿಟ್ಟಳು. ಅವರು ಸ್ವಲ್ಪ ಹೊತ್ತು ಕಾದರು. ಆಮೇಲೆ ಅವಳನ್ನು ಬಿಟ್ಟು ಸುತ್ತಲೂ ಕತ್ತರಿಸತೊಡಗಿದರು. ಮೇಲಿನಿಂದ ಒಂದು, ಕೆಳಗಿನಿಂದ ಎರಡು. ಚಿಟ್ಟೆಗಳು ಯಂತ್ರದ ಮುಂದೆ ಮುಂದೆ ಏಳುತ್ತಿದ್ದವು, ಹಿಂದೆ ಹೋಗಿ ತಾವು ಬಿಟ್ಟ ಗಿಡವನ್ನು ಹುಡುಕುತ್ತಿದ್ದವು. ಹನ್ನೊಂದು ಗಂಟೆಗೆ ಕೆಲಸ ಮುಗಿಯಿತು. ಇಡೀ ಇಳಿಜಾರು ತಲೆ ಬೋಳಿಸಿದಂತಾಗಿ, ನಡುವೆ ಎರಡು ಚಾಪೆಯಷ್ಟು ಜಾಗದಲ್ಲಿ ಗಿಡಗಳು, ಗಿಡಗಳ ನಡುವೆ ಮುದುಕಿ. ಅವರು ಸಾಲಾಗಿ ನಿಂತು, “ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ,” ಎಂದು ಬಾಗಿ ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಬಾಗುವಿಕೆ ಇಲ್ಲದಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ.

ಹಿಂದಿನ ವರ್ಷ ಒಬ್ಬ ಸಂಗ್ರಹಕಾರ ಬಲೆ ಹಿಡಿದು ಬಂದಿದ್ದ. ಮೂರು ಚಿಟ್ಟೆ ಹಿಡಿದದ್ದಕ್ಕೆ ಪೊಲೀಸರು ಅವನನ್ನು ಕರೆದುಕೊಂಡು ಹೋದರು. ಚಿಟ್ಟೆ ಹಿಡಿಯುವುದು ಕಾನೂನಿಗೆ ವಿರುದ್ಧ. ಅದರ ಮಕ್ಕಳ ಅನ್ನವನ್ನೇ ಬುಡಸಮೇತ ಕೊಚ್ಚುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. ಅದಕ್ಕೆ ಕಚೇರಿಯೇ ಯಂತ್ರ ಕಳಿಸುತ್ತದೆ.

“ಕೂತ್ಕೊಂಡು ಅಳ್ತಾ ಇದ್ರೆ ಒಣಗೋಗ್ತವೆ, ಏಳು,” ಎಂದಳು ಅತ್ತಿಗೆ. ಕಡಿದು ಬಿದ್ದ ಕಾಂಡಗಳಲ್ಲಿ ಮೊಟ್ಟೆ ಇದ್ದವನ್ನು ಆರಿಸಿ, ಟ್ರಕ್ಕಿಗೆ ತುಂಬಿದೆವು. ಗುಡ್ಡದ ಹಿಂಬದಿಯಲ್ಲಿ, ಅವಳ ಹಸುಗಳು ಮೇಯುವ ಕಡೆ, ಇನ್ನೂ ಮುನ್ನೂರು ನಾನೂರು ಕುರಾರ ಗಿಡಗಳಿವೆ. ಕಡಿದ ಕಾಂಡವನ್ನು ನಿಂತ ಗಿಡಕ್ಕೆ ಒಂದೊಂದಾಗಿ ದಾರದಿಂದ ಕಟ್ಟಿದೆವು, ಮರಿಹುಳು ಒಡೆದು ಬಂದರೆ ಹತ್ತಿಕೊಳ್ಳಲಿ ಎಂದು. ಅನ್ನದುಂಡೆ, ತಕಾನ ಸೊಪ್ಪಿನ ಉಪ್ಪಿನಕಾಯಿ ತಿಂದು ಸಂಜೆಯವರೆಗೂ ಕಟ್ಟಿದೆವು. ಸಾವಿರದಲ್ಲಿ ನೂರು ಉಳಿಸಿದೆವೋ ಇಲ್ಲವೋ.

ಮರುದಿನ ಅವಳ ಒಂದು ಹಸುವಿಗೆ ಹೆರಿಗೆ ಕಷ್ಟವಾಗಿ ಬೆಳಗಿನಿಂದ ಕೊಟ್ಟಿಗೆಯಲ್ಲೇ ಇದ್ದಳು. ಮಧ್ಯಾಹ್ನ ಕರು ಬದುಕಿತು. ಕೈ ತೊಳೆದು ಇಳಿಜಾರಿಗೆ ಬಂದು ನೋಡಿದರೆ ಆ ಎರಡು ಚಾಪೆಯಷ್ಟು ಜಾಗವೂ ಬೋಳು. ಅವಳಿಲ್ಲದ ಹೊತ್ತು ನೋಡಿ ಬಂದು ಕತ್ತರಿಸಿದ್ದರು. ನಾನು ಶಾಲೆಯಿಂದ ಬಂದಾಗ ಅವಳು ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಆ ಮುಖವನ್ನು ನಾನು ಅಣ್ಣ ಸತ್ತಾಗಲೂ ನೋಡಿರಲಿಲ್ಲ.

“ಒಂದು ಹೆಂಗಸು ಅಡ್ಡ ಕೂತ್ಲು ಅಂತ ಗೊತ್ತಿದ್ದೂ ಬಂದ್ರಲ್ಲೇ,” ಎಂದಳು. “ಗೊತ್ತಿಲ್ದೆ ಮಾಡಿದ್ರೆ ದಡ್ಡರು ಅನ್ಬಹುದಿತ್ತು.”

ಹಬ್ಬಕ್ಕೆ ನಾಲ್ಕು ದಿನವಿದ್ದಾಗ ತಾಶಿರೊನ ಕಚೇರಿಯಿಂದ ಅವಳಿಗೇ ಫೋನ್ ಬಂತು. ಊರಿನ ಹಿರಿಯ ಹೆಂಗಸಾಗಿ ವೇದಿಕೆಯ ಮೇಲೆ ಎರಡು ಮಾತು ಆಡಬೇಕಂತೆ. ಸಾಧ್ಯವಾದರೆ ಹಳೇ ಕಾಲದ ನೀಲಿ ಹತ್ತಿಬಟ್ಟೆ ಉಟ್ಟು, ಹುಲ್ಲಿನ ಟೊಪ್ಪಿ ಹಾಕಿಕೊಂಡು ಬಂದರೆ ಫೋಟೊ ಚೆನ್ನಾಗಿ ಬರುತ್ತದಂತೆ. ಅವಳು ಫೋನನ್ನು ನೆಲಕ್ಕೆ ಬಡಿಯುತ್ತಾಳೆಂದುಕೊಂಡೆ. ಅವಳು ಮೆತ್ತಗೆ, “ಬರ್ತೀನಿ. ಉಟ್ಕೊಂಡೇ ಬರ್ತೀನಿ,” ಎಂದಳು.

ಹಬ್ಬದ ದಿನ ಒಳ್ಳೇ ಬಿಸಿಲು. ಮುನ್ನೂರು ಜನ ಸೇರಿದ್ದರು. ಚೆಂಡುಹೂವಿನ ಸಾಲುಗಳಿಗೆ ನೀರು ಚಿಮುಕಿಸುವ ಕೊಳವೆ ಹಾಕಿದ್ದರು. ಹಸುರು ಜಾಕೆಟ್ಟಿನ ಹುಡುಗಿಯೊಬ್ಬಳು ಮೂರು, ಎರಡು, ಒಂದು ಎಂದಳು. ರಟ್ಟಿನ ಪೆಟ್ಟಿಗೆ ತೆರೆದರು. ಒಳಗಿಂದ ದೊಡ್ಡ ದೊಡ್ಡ ಹಳದಿ ಚಿಟ್ಟೆಗಳು. ಎಲ್ಲಿಯೋ ಸಾಕಿ ಕಳಿಸಿದವು. ಅರ್ಧ ಹಾರಿದವು, ಅರ್ಧ ಪೆಟ್ಟಿಗೆಯ ಅಂಚಿನಿಂದ ಹೂವಿನ ಮಡಿಗೆ ಉದುರಿ ರೆಕ್ಕೆ ಬಡಿಯುತ್ತಿದ್ದವು. ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಮಿಸಾವೊಳ ಸರದಿ. ನೀಲಿ ಬಟ್ಟೆ, ಹುಲ್ಲಿನ ಟೊಪ್ಪಿ, ಕೈಯಲ್ಲಿ ಒಂದು ಬಟ್ಟೆಯ ಗಂಟು. ಮೈಕ್ ಹಿಡಿದು ಬಾಗಿದಳು.

“ನನ್ನ ಹೆಸರು ಇವಾಶಿತಾ ಮಿಸಾವೊ. ಹಸು ಸಾಕ್ತೀನಿ. ನೀವೆಲ್ಲ ನೀಲಿ ಚಿಟ್ಟೆ ನೋಡೋಕೆ ಅಷ್ಟು ದೂರದಿಂದ ಬಂದಿದೀರ. ಕ್ಷಮಿಸಬೇಕು, ಅದು ಇಲ್ಲಿಲ್ಲ. ನಾಲ್ಕು ವಾರದ ಹಿಂದೆ ಇತ್ತು. ನೀವು ನಿಂತಿರೋ ಜಾಗದಲ್ಲೇ ಮೊಟ್ಟೆ ಇಟ್ಟಿತ್ತು. ಚಿಟ್ಟೆ ಹಬ್ಬಕ್ಕೆ ಜಾಗ ಚೊಕ್ಕಟ ಮಾಡ್ಬೇಕು ಅಂತ ಮೊಟ್ಟೆ ಸಮೇತ ಗಿಡ ಕೊಚ್ಚಿಹಾಕಿದ್ರು. ಈಗ ಬಿಟ್ರಲ್ಲ, ಅವು ಪೆಟ್ಟಿಗೇಲಿ ಬಂದ ನೆಂಟರು—”

ಮೈಕ್ ಸತ್ತಿತು. ಯಾರೋ ತಂತಿ ಕಿತ್ತಿದ್ದರು. ಅತ್ತಿಗೆ ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

“ನಂಗೆ ಇದು ಬೇಡ. ಗುಡ್ಡದಾಚೆ ಇರೋ ಹಸುನ ಇಲ್ಲಿಂದ ಕರೆಯೋಳು ನಾನು,” ಎಂದು ಗಂಟಲೆತ್ತಿದಳು. ನಿಜಕ್ಕೂ ಕೊನೆಯ ಸಾಲಿನವರೆಗೂ ಕೇಳಿಸಿತು. “ಕಳೆ ಅಂದ್ರು. ಈ ಕಳೆನ ದನ ಬಿಟ್ಟಿದ್ವು, ಬೆಂಕಿ ಬಿಟ್ಟಿತ್ತು, ನಮ್ಮ ಮಾವ, ಅವರಪ್ಪ, ಅವರಜ್ಜ ಎಲ್ಲರೂ ಬಿಟ್ಟಿದ್ರು. ಬಿಡದೇ ಇದ್ದೋರು ಚಿಟ್ಟೆ ಹೆಸರಲ್ಲಿ ಬೋರ್ಡ್ ಹಾಕ್ದೋರು ಒಬ್ರೇ!”

ಗಂಟು ಬಿಚ್ಚಿ, ಸಿಪ್ಪೆ ಹೆರೆದ ಒಂದು ಬೇರಿನ ತುಂಡನ್ನು ತಾಶಿರೊನ ಮುಂದೆ ಹಿಡಿದಳು. “ತಗೋ. ಚಿಕ್ಕವನಿದ್ದಾಗ ನಿನ್ನ ಅಪ್ಪ ಇದರ ನೀರಲ್ಲಿ ದನ ತೊಳೆಯೋದನ್ನ ನೋಡಿದೀಯ. ನೀನು ಕಡಿಸಿದ್ದು ಏನು ಅಂತ ನಿನ್ನ ನಾಲಿಗೆಗಾದ್ರೂ ಗೊತ್ತಾಗ್ಲಿ.”

ಮುನ್ನೂರು ಜನರ ಎದುರು ಬೇಡವೆನ್ನಲಾಗದೆ ಅವನು ಅದನ್ನು ಬಾಯಿಗಿಟ್ಟ. ಮುಖ ಹಿಂಡಿಹೋಯಿತು. ಕರವಸ್ತ್ರ ಹುಡುಕುತ್ತ ವೇದಿಕೆಯ ಹಿಂದಕ್ಕೆ ಓಡಿದ. ಕೆಲವರು ನಕ್ಕರು. ಹೆಚ್ಚಿನವರು ನಗಲಿಲ್ಲ. ಕೊರಳಿಗೆ ಕ್ಯಾಮರಾ ಹಾಕಿಕೊಂಡಿದ್ದ ಒಬ್ಬರು ಮುಂದೆ ಬಂದು, “ನಾನು ಮೂರು ಗಂಟೆ ಕಾರು ಓಡಿಸ್ಕೊಂಡು ಬಂದಿದೀನಿ. ನಿಜವಾದ್ದು ಎಲ್ಲಿದೆ, ಅದನ್ನಾದ್ರೂ ತೋರ್ಸಿ ಅಮ್ಮ,” ಎಂದರು.

“ತೋರ್ಸಲ್ಲ.”

“ಯಾಕೆ?”

“ನೀವೆಲ್ಲ ಅಲ್ಲಿಗೆ ಬಂದ್ರೆ ನಾಳಿದ್ದು ಅಲ್ಲೂ ಚೆಂಡುಹೂ ನೆಡ್ತಾರೆ.”

ಎರಡು ದಿನ ಬಿಟ್ಟು ತಾಶಿರೊ ಸಿಹಿಯ ಪೊಟ್ಟಣ ಹಿಡಿದು ಮನೆಗೆ ಬಂದ. ಬಾಗಿಲಲ್ಲೇ ಮಂಡಿಯೂರಿ, “ಅನಾನುಕೂಲ ಆಗಿದ್ದಕ್ಕೆ ಕ್ಷಮೆ ಕೇಳ್ತೀನಿ,” ಎಂದ.

“ಯಾರಿಗೆ ಅನಾನುಕೂಲ ಆಯ್ತು? ನಂಗೇನೂ ಆಗಿಲ್ಲ. ನಂಗೆ ತಿನ್ನೋಕೆ ಅನ್ನ ಇದೆ.”

ಅವನು ಕಚೇರಿಯ ಮಾತು ಬಿಟ್ಟು ಊರ ಮಾತಿಗಿಳಿದ. “ಮಿಸಾವೊ ಅಜ್ಜಿ, ನಿಜ ಹೇಳಿ. ಮಾರ್ಚ್‌ನಲ್ಲಿ ಬೆಂಕಿ ಕೊಡೋಕೆ ಎಷ್ಟು ಜನ ಇದ್ರಿ? ಹದಿನಾಲ್ಕು. ಅದರಲ್ಲಿ ಎಂಟು ಜನ ಎಪ್ಪತ್ತು ದಾಟಿದೋರು. ಇನ್ನು ಹತ್ತು ವರ್ಷಕ್ಕೆ ಯಾರು ಮಾಡ್ತಾರೆ? ನಾನು ಊರಿಗೆ ಜನ ಬರ್ಲಿ ಅಂತ ಮಾಡಿದ್ದು. ನೀವು ನನ್ನ ಕಳ್ಳನ ಥರ ನೋಡ್ತೀರ.”

“ಹತ್ತು ವರ್ಷಕ್ಕೆ ಸಾಯ್ಬಹುದು ಅಂತ ಈಗ್ಲೇ ಕತ್ತು ಹಿಸುಕೋದಾ?” ಎಂದಳು ಅತ್ತಿಗೆ. “ಜನ ಇಲ್ಲ ಅಂದ್ಯಲ್ಲ, ನೀನು ಜನ ಅಲ್ವಾ? ನಿನ್ನ ಅಪ್ಪ ಹೋದ ಮೇಲೆ ಒಂದು ಸಲನಾದ್ರೂ ಬೆಂಕಿಗೆ ಬಂದಿದೀಯಾ? ಆ ಮೂರು ಯಂತ್ರನ ಬೆಂಕಿ ಅಂಚು ಕತ್ತರಿಸೋಕೆ ಕಳಿಸಿದ್ದಿದ್ರೆ ನಿಂಗೆ ಕೈ ಮುಗೀತಿದ್ದೆ. ಸಭೇಲಿ ಕೈ ಎತ್ತಿ ಹೇಳ್ದೆ. ಗಿಡದಲ್ಲಿ ಕೂತು ಹೇಳ್ದೆ. ನೀನು ಮಾರನೇ ದಿನ ಕಳ್ಳ ಬೆಕ್ಕಿನ ಥರ ಬಂದು ಆ ಎರಡು ಚಾಪೆನೂ ಬಿಡಲಿಲ್ಲ. ಅದಕ್ಕೆ ಏನಂತೀಯ? ಅದೊಂದು ಹೇಳು.”

ಅವನು ಎದ್ದು ಬಾಗಿದ. ಪೊಟ್ಟಣ ಅಲ್ಲೇ ಬಿಟ್ಟು ಹೋದ. ಅತ್ತಿಗೆ ಅದನ್ನು ತೆರೆಯಲೂ ಇಲ್ಲ. ಅಂಚೆಯಲ್ಲಿ ವಾಪಸು ಕಳಿಸಿದಳು.

ಜುಲೈನಲ್ಲಿ ಸಂಘದ ಸಭೆ ಸೇರಿತು. ಇಳಿಜಾರನ್ನು ಕಚೇರಿಯಿಂದ ಹಿಂದಕ್ಕೆ ಪಡೆಯಬೇಕೆಂದು ಮಿಸಾವೊ ಕೇಳಿದಳು. ಬೇಡವೆನ್ನುವವರು ಜಾಸ್ತಿ ಇದ್ದರು. ಬೇಲಿ ಯಾರು ಹಾಕುತ್ತಾರೆ, ಅಂಚು ಯಾರು ಕತ್ತರಿಸುತ್ತಾರೆ ಎಂಬುದೇ ಪ್ರಶ್ನೆ. ನಾನು ಕೆಲಸ ಹೋದರೆ ಹೋಗಲಿ ಎಂದು ಎದ್ದು ನಿಂತೆ.

“ಮೇ ತಿಂಗಳ ಸಭೇಲಿ ನಾನು ಸುಮ್ನೆ ಕೂತಿದ್ದೆ,” ಎಂದೆ. “ಅತ್ತಿಗೆ ಹೇಳಿದ್ದು ಸರಿ ಅಂತ ಗೊತ್ತಿತ್ತು. ಇಲ್ಲಿರೋ ಎಲ್ಲರಿಗೂ ಗೊತ್ತಿತ್ತು. ಕುರಾರ ಏನು ಅಂತ ಗೊತ್ತಿಲ್ದೋರು ಈ ಕೋಣೇಲಿ ಯಾರಿದಾರೆ? ಗೊತ್ತಿದ್ದೂ ಒಬ್ಬ ಮುದುಕಿನ ಒಂಟಿಯಾಗಿ ಯಂತ್ರದ ಮುಂದೆ ಕೂರ್ಸಿದ್ವಿ. ಯಂತ್ರ ಓಡ್ಸಿದೋರಿಗಿಂತ ನಾವೇನ್ ಕಮ್ಮಿ? ಅಂಚು ಕತ್ತರಿಸೋಕೆ ನಾನು ಬರ್ತೀನಿ. ಕುಡುಗೋಲು ಹಿಡಿಯೋಕೆ ಬರುತ್ತೆ ನಂಗೆ.”

ಗೆಂಗೊ ಮೊಣಕಾಲು ನೀವಿಕೊಳ್ಳುತ್ತ, “ಆವತ್ತು ಒಪ್ಪಿಗೆ ಅಂದೋನು ನಾನು. ತಪ್ಪಾಯ್ತು,” ಎಂದು ಮೊದಲು ಕೈ ಎತ್ತಿದ. ಹನ್ನೊಂದು ಮನೆ ಹಿಂದಕ್ಕೆ ಪಡೆಯುವ ಕಡೆ, ಆರು ಬೇಡದ ಕಡೆ. ಕಚೇರಿಯಿಂದ ಬಂದ ಪತ್ರದಲ್ಲಿ ‘ಸಂದರ್ಭಗಳನ್ನು ಪರಿಗಣಿಸಿ’ ಯೋಜನೆ ಕೈಬಿಟ್ಟಿರುವುದಾಗಿ ಬರೆದಿತ್ತು. ಮೊಟ್ಟೆಯ ಮಾತು, ಕುರಾರದ ಮಾತು ಒಂದೂ ಇರಲಿಲ್ಲ. ನನ್ನ ಕೆಲಸ ಹೋಗಲಿಲ್ಲ. ತಾಶಿರೊ ವಸಂತದಲ್ಲಿ ನೀರು ಸರಬರಾಜು ವಿಭಾಗಕ್ಕೆ ವರ್ಗವಾಗಿ ಹೋದ.

ಶರತ್ಕಾಲದಲ್ಲಿ ಅಂಚು ಕತ್ತರಿಸಿದೆವು. ನನ್ನ ಸೊಂಟ ಎಂಟು ದಿನ ನೆಟ್ಟಗಾಗಲಿಲ್ಲ. ಮಾರ್ಚ್‌ನಲ್ಲಿ ಬೆಂಕಿ ಕೊಟ್ಟೆವು. ಒಣಗಿ ನಿಂತಿದ್ದ ಚೆಂಡುಹೂವಿನ ಕಡ್ಡಿಗಳು ಚಟಚಟ ಎಂದು ಉರಿದುಹೋದವು. ಕುರಾರದ ಬೇರು ಆಳಕ್ಕೆ ಇಳಿದಿರುತ್ತದೆ. ಏಪ್ರಿಲ್‌ನಲ್ಲಿ ಇಳಿಜಾರಿನ ತುಂಬ ಅದರ ಚಿಗುರು ಎದ್ದಿತು, ಮೇ ತಿಂಗಳಲ್ಲಿ ಮೊಗ್ಗೂ ಬಂತು. ಹಿಂಬದಿಯಲ್ಲಿ, ನಾವು ಕಾಂಡ ಕಟ್ಟಿದ್ದ ಕಡೆ, ಚಿಟ್ಟೆಗಳು ಎದ್ದವು.

ರಸ್ತೆ ಬದಿಯ ಇಳಿಜಾರಿಗೆ ನಾವಿಬ್ಬರೂ ದಿನಾ ಹೋದೆವು. ಹನ್ನೆರಡು ದಿನ. ಗಾಳಿಗೆ ಮೊಗ್ಗುಗಳು ತಲೆದೂಗುತ್ತಿದ್ದವು. ಒಂದರ ಮೇಲೂ ಒಂದು ಬಿಳಿ ಚುಕ್ಕೆ ಇರಲಿಲ್ಲ.

“ಬರ್ತವಾ ಅತ್ತಿಗೆ?”

“ಬರ್ಬಹುದು. ಅಲ್ಲಿಂದ ಇಲ್ಲಿಗೆ ಗುಡ್ಡ ದಾಟ್ಬೇಕು. ಎರಡು ವರ್ಷನೋ, ಐದು ವರ್ಷನೋ. ನಾನು ಇರ್ತೀನೋ ಇಲ್ವೋ.” ಅವಳು ಒಂದು ಮೊಗ್ಗಿನ ಗೊಂಚಲನ್ನು ಬೆರಳಿನಿಂದ ತಿರುಗಿಸಿ ನೋಡಿ ಬಿಟ್ಟಳು. “ಅವರಿಗೆ ಮೂರು ಗಂಟೆ ಸಾಕಾಯ್ತು.”

ದನ ಬಿಡುವ ಹೊತ್ತಾಗಿತ್ತು. ಅವಳು ಟ್ರಕ್ಕಿನ ಕಡೆ ನಡೆದಳು. ಬಾಗಿಲನ್ನು ಎಷ್ಟು ಜೋರಾಗಿ ಹಾಕಿದಳೆಂದರೆ ರಸ್ತೆಯಾಚೆಯ ಹಸುಗಳೆಲ್ಲ ತಲೆ ಎತ್ತಿ ನೋಡಿದವು.